ದೇವರ ಜಗಲಿ ಏರಿದ ಫೋನು

ಆ ಶನಿವಾರ ಮುಂಜಾನೆ ನಾನು ಅಂಗಳದ ಕಟ್ಟೆಗೆ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಬಿಡದೆ ಹಿಡಿದಿದ್ದ ಶ್ರಾವಣದ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಬಿಸಿಲು ಇರುವಷ್ಟರಲ್ಲಿ ಹರಳು ಆರಿಸಿ ಗಿರಣಿಗೆ ಕಳಿಸಬೇಕು ಎಂಬ ಅವಸರ ನನ್ನದು. ಅಷ್ಟರಲ್ಲಿ ನನ್ನ ಮೈದುನನ ಹೆಂಡತಿ ಸಂಗಮ್ಮ ತನ್ನ ಬಾಗಿಲಿನಿಂದ ಹೊರಗೆ ಬಂದು ನನ್ನೆದುರು ನಿಂತಳು. ಕೈಯಲ್ಲಿ ಫೋನು. ಅದರ ಗಾಜಿನ ಮೇಲೆ ಹಿಂದಿನ ದಿನದ ಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

"ಯಕ್ಕಾ, ಇದು ತೆರೀವಲ್ದು."

"ಕರೆನ್ಸಿ ಮುಗದಿರಬೇಕು, ನೋಡು."

"ಕರೆನ್ಸಿ ಅದ. ಬಾಕಿ ಎಲ್ಲಾ ತೆರೀತಾವ. ಐಸಿರಿ ಒಂದ ತೆರೀವಲ್ದು. ವೀರೇಶನ ಫೋನೂ ಬಂದ್ ಅದ."

ನಾನು ಮೊರ ಕೆಳಗಿಟ್ಟೆ.

ಈಗಲೂ ಗಿರಣಿಯಿಂದ ಬಂದ ಬಿಸಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಆ ಬೆಚ್ಚನೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಆ ಶ್ರಾವಣ ನೆನಪಾಗುತ್ತದೆ. ವಾಸನೆ ಒಳ್ಳೆಯದೇ. ನೆನಪೇ ಹೇಸಿಗೆ. ಹಿಟ್ಟಿಗೂ ಆ ಹೇಸಿಗೆಗೂ ಸಂಬಂಧ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಶಿವನ ಹೆಸರು ತೆಗೆದುಕೊಂಡು ಒಲೆ ಹಚ್ಚುತ್ತೇನೆ.

ನಾವು ಇರುವುದು ಶಹಾಪುರದಲ್ಲಿ. ಮಾಳಿಗೆ ಹತ್ತಿದರೆ ಬುದ್ಧ ಮಲಗಿದಂತೆ ಕಾಣುವ ಗುಡ್ಡ ಎದುರಿಗೇ ಇದೆ. ಒಂದೇ ಅಂಗಳ, ಎರಡು ಬಾಗಿಲು. ಒಂದರಲ್ಲಿ ನಾನು, ನಮ್ಮ ಮನೆಯವರು, ಅತ್ತೆ. ಇನ್ನೊಂದರಲ್ಲಿ ಸಂಗಮ್ಮ ಮತ್ತು ಮೈದುನ. ನಮ್ಮ ಮನೆಯವರದು ಮೋಟರ್ ವೈಂಡಿಂಗ್ ಅಂಗಡಿ. ಮೈದುನ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ವಾರದ ರಜೆಗೆ ಮನೆಗೆ ಬರುತ್ತಿದ್ದ. ಸಂಗಮ್ಮ ಸುಮ್ಮನೆ ಕೂಡುವವಳಲ್ಲ. ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತನ್ನ ಪಡಸಾಲೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಮದುವೆಗೆ, ಖಾನಾವಳಿಗೆ ಕಡಕ್ ರೊಟ್ಟಿ ಹೋಗುತ್ತಿದ್ದವು. ಮುಂಜಾನೆ ಕಣ್ಣು ತೆರೆಯುವ ಮೊದಲೇ ಗೋಡೆಯ ಆಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಬಡಿದು ಬಡಿದು, ಅದಕ್ಕೂ ಹೆಚ್ಚಾಗಿ ನಾದಿ ನಾದಿ, ಅವಳ ಬಲಗೈಯ ಮಣಿಕಟ್ಟು ಹೋಗಿತ್ತು. ಜೋಳದ ಹಿಟ್ಟು ಗೋಧಿ ಹಿಟ್ಟಿನ ಹಾಗೆ ಹೇಳಿದಂತೆ ಕೇಳುವುದಿಲ್ಲ, ಮೈಯ ಭಾರವೆಲ್ಲ ಹಾಕಿ ನಾದಬೇಕು. ಮಣಿಕಟ್ಟಿಗೆ ಹಳೆಯ ಸೀರೆಯ ಅಂಚು ಸುತ್ತಿಕೊಂಡೇ ಇರುತ್ತಿದ್ದಳು. ದವಾಖಾನೆಗೆ ಕರೆದುಕೊಂಡು ಹೋದೆ.

"ಕೈಗೆ ರೆಸ್ಟ್ ಕೊಡು ಅಂದಾರ," ಎಂದು ಬರುವಾಗ ದಾರಿಯಲ್ಲಿ ನಕ್ಕಳು. "ಕೈಗೆ ಕೊಟ್ರ ಹೊಟ್ಟಿಗೆ ಏನ್ ಕೊಡ್ಲಿ ಯಕ್ಕಾ?"

ಅದಕ್ಕೇ ಕಲಬುರಗಿಯಲ್ಲಿ ಹಿಟ್ಟು ನಾದುವ ಮಷೀನು ನೋಡಿಕೊಂಡು ಬಂದಿದ್ದಳು. ಪ್ರತಿ ಆರ್ಡರಿನಲ್ಲಿ ಸ್ವಲ್ಪ ಸ್ವಲ್ಪ ಎತ್ತಿಟ್ಟು, ಆ ದುಡ್ಡು ಇವಳ ಕಪಾಟಿನಲ್ಲಿ ಇರಲಿ ಎಂದು ಹೆಣ್ಣುಮಕ್ಕಳೆಲ್ಲ ಮಾತಾಡಿಕೊಂಡಿದ್ದರು. ದುಡ್ಡು ಎಲ್ಲರದು, ನಂಬಿಕೆ ಇವಳದು. ದೀಪಾವಳಿಗೆ ಮಷೀನು ತರುವುದು ಎಂದು ಠರಾವಾಗಿತ್ತು.

ಶ್ರಾವಣ ಬಂತು. ನಮ್ಮ ಓಣಿಯ ಮಂಟಪದಲ್ಲಿ ತಿಂಗಳಿಡೀ ಸಂಜೆಯ ಪುರಾಣ. ಕೆಲಸ ಮುಗಿಸಿ, ತಲೆಯ ಮೇಲೆ ಸೆರಗು ಹೊದ್ದು, ಹೆಣ್ಣುಮಕ್ಕಳೆಲ್ಲ ಹೋಗಿ ಕೂಡುತ್ತೇವೆ. ಒಂದು ದಿನದ ಪ್ರಸಾದ ತನ್ನದು ಎಂದು ವೀರೇಶ ಎಂಬುವನು ಬಂದ. ನನ್ನ ತವರು ರಂಗಂಪೇಟೆಯ ಓಣಿಯವನೇ. ಒಮ್ಮೆ ನೀರಿನ ಫಿಲ್ಟರ್ ಮಾರುತ್ತಿದ್ದ, ಒಮ್ಮೆ ಸಕ್ಕರೆ ಕಾಯಿಲೆಗೆ ಪುಡಿ ಮಾರುತ್ತಿದ್ದ. ಈಗ ಹಣೆ ತುಂಬ ವಿಭೂತಿ, ಹೆಗಲ ಮೇಲೆ ಬಿಳಿ ವಲ್ಲಿ, ಕೈಯಲ್ಲಿ ಅಂಗೈಯಗಲದ ಫೋನು. ಗೋಧಿ ಹುಗ್ಗಿ ಮಾಡಿಸಿದ್ದ, ತುಪ್ಪ ಧಾರಾಳ ಹಾಕಿಸಿದ್ದ. ಅಂಥವನು ಎರಡು ಮಾತಾಡುತ್ತೇನೆ ಅಂದರೆ ಯಾರು ಬೇಡ ಅನ್ನುತ್ತಾರೆ?

"ಅವ್ವಗೋಳ್ರಿ, ಕಾಯಕ ಅಂದ್ರ ಏನ್ರಿ? ದಿನಾ ತಪ್ಪದ ಮಾಡೂದು. ಇದು ಐಸಿರಿ ಕಾಯಿನ್. ಕ್ರಿಪ್ಟೋ ಅಂತಾರಲ್ಲ, ಅದ. ದಿನಾ ಮುಂಜಾನಿ ದೀಪ ಹಚ್ಚಿದ ಮ್ಯಾಲ ಒಂದ್ ಸಲ ಫೋನಿನಾಗ ಬಟ್ಟು ಒತ್ರಿ. ಕಾಯಿನ್ ಹುಟ್ತಾವ. ರೊಕ್ಕ ಹಾಕಿದ್ರ ಇನ್ನೂ ಜಲ್ದಿ ಹುಟ್ತಾವ."

"ಎಲ್ಲಿ ಹುಟ್ತಾವಪಾ?" ಎಂದು ನಮ್ಮ ಅತ್ತೆ ಕೇಳಿದರು.

"ಕಂಪ್ಯೂಟರಿನಾಗ ಅಜ್ಜಿ. ಗಾಳಿಯಾಗ ಅಂತ ತಿಳೀರಿ."

"ಗಾಳಿಯಾಗ ಹುಟ್ಟಿದ್ದು ಗಾಳಿಗೇ ಹಾರಿ ಹೋಗಂಗಿಲ್ಲೇನು?"

ಮಂಟಪವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ವೀರೇಶನೇ ನಕ್ಕ. ನಕ್ಕು ಮುಗಿಸಿ, ಮುಖ ಗಂಭೀರ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದ. "ಅಜ್ಜಿ ಖರೇ ಹೇಳಿದ್ರು. ಹಾರಿ ಹೋಗಬಾರದು ಅಂದ್ರ ಇದನ್ನ ಲಕ್ಷ್ಮಿ ಅಂತ ನೋಡ್ಕೋಬೇಕು. ಎಂಜಲ ಕೈಲೆ ಮುಟ್ಟಬ್ಯಾಡ್ರಿ. ನೆಲಕ್ಕ ಇಡಬ್ಯಾಡ್ರಿ. ಮತ್ತ ಮಂಗಳವಾರ, ಶುಕ್ರವಾರ ಹೊರಗ ತೆಗೀಬ್ಯಾಡ್ರಿ. ಶ್ರಾವಣದಾಗಂತೂ ಬ್ಯಾಡೇ ಬ್ಯಾಡ."

ಅತ್ತೆ ತಲೆ ಆಡಿಸಿದರು. ಎಲ್ಲರೂ ಆಡಿಸಿದರು. ನಮ್ಮ ಕಡೆ ಮಂಗಳವಾರ, ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಕೊಡುವುದಿಲ್ಲ. ಉಪ್ಪು, ಮೊಸರೂ ಕೊಡುವುದಿಲ್ಲ. ನಾನೂ ಕೊಡುವವಳಲ್ಲ. ಅವನು ನಮ್ಮ ಮಾತನ್ನೇ ನಮಗೆ ಹೇಳಿದ್ದ, ಹಾಗಾಗಿ ಯಾರಿಗೂ ಅದು ಹೊಸದೆನಿಸಲಿಲ್ಲ.

ಮರುದಿನದಿಂದ ಓಣಿಯ ಮಾತೇ ಬದಲಾಯಿತು. ಊಟ ಆಯ್ತೇನು ಎಂದು ಕೇಳುವವರು "ಒತ್ತೀದೇನ?" ಎಂದು ಕೇಳತೊಡಗಿದರು. ಕುಪ್ಪಸ ಹೊಲಿಯುವವಳ ಬಾಗಿಲಿಗೆ ಐಸಿರಿ ಚೀಟಿ ಅಂಟಿತು. ಚಹಾದ ಹೋಟೆಲಿನಲ್ಲಿ ಅಂಟಿತು. ಕಿರಾಣಿ ಶೆಟ್ಟರೂ ಅಂಟಿಸಿ, ಒಂದಷ್ಟು ದಿನ ಸಬಕಾರ, ಬೆಲ್ಲ, ಚಹಾಪುಡಿ ಕಾಯಿನ್ನಿಗೇ ಕೊಟ್ಟರು. ಕಾಯಿನ್ನಿನಿಂದ ಬೆಲ್ಲ ತಂದ ದಿನ ಸಂಗಮ್ಮ ಒಂದು ಚೂರು ಮುರಿದು ನನ್ನ ಬಾಯಿಗೆ ಇಟ್ಟಳು.

"ಸುಳ್ಳಿನ ರೊಕ್ಕಕ್ಕ ಬೆಲ್ಲ ಬರ್ತದೇನ? ತಿಂದ ಹೇಳು," ಎಂದಳು.

ಬೆಲ್ಲ ಸಿಹಿಯಾಗಿಯೇ ಇತ್ತು, ಏನು ಹೇಳಲಿ? ಆಮೇಲೆ ಶೆಟ್ಟರಿಗೆ ಮಾಲು ಕೊಡುವ ಯಾದಗಿರಿಯ ಠೋಕ ವ್ಯಾಪಾರಿ, ನಿನ್ನ ಕಾಯಿನ್ ನೀನೇ ಇಟ್ಟುಕೋ, ನನಗೆ ರೊಕ್ಕ ಕೊಡು ಅಂದನಂತೆ. ಶೆಟ್ಟರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದುದನ್ನು ನಾನೇ ಕಂಡೆ. ಓಣಿಯವರು ಮಾತ್ರ, ಶೆಟ್ಟರಿಗೆ ನಸೀಬಿಲ್ಲ ಎಂದು ನಕ್ಕರು.

ಸಂಗಮ್ಮನ ಫೋನು ಕಪಾಟಿನಿಂದ ಅಡುಗೆಮನೆಯ ಗೂಡಿಗೆ, ಗೂಡಿನಿಂದ ದೇವರ ಜಗಲಿಗೆ ಏರಿತು. ಲಿಂಗದ ಬದಿಗೆ ಹೊಲಿಯದ ಒಂದು ಕುಪ್ಪಸದ ಕಣ ಹಾಸಿ, ಅದರ ಮೇಲೆ ಫೋನು. ಅದಕ್ಕೆ ಕುಂಕುಮ, ಹೂವು. ನೋಡಿ ನನ್ನ ಮೈ ಉರಿಯಿತು.

"ಸಂಗಮ್ಮ, ಜಗಲಿ ಮ್ಯಾಲಿಂದ ಅದನ್ನ ಇಳಿಸು."

"ಯಾಕ? ಭಾವ ದಸರಾಕ್ಕ ಮೋಟರಿಗೆ ಪೂಜಿ ಮಾಡಂಗಿಲ್ಲೇನು? ನೀ ಒಳ್ಳಕಲ್ಲಿಗೆ, ಒಲಿಗೆ ಕುಂಕುಮ ಹಚ್ಚಂಗಿಲ್ಲೇನು?"

"ಮೋಟರ್ ನೀರ ಎತ್ತತದ. ಒಲಿ ಅನ್ನ ಬೇಯಸ್ತದ. ಇದೇನ್ ಮಾಡ್ಯಾದ?"

"ಮಾಡ್ತದ, ತಡಿ," ಎಂದಳು. ಹಾಗೆನ್ನುವಾಗ ತಿಳಿಯದೆಯೇ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು. 

ನಡುವೆ ಸುರಪುರದಲ್ಲಿ ಐಸಿರಿಯವರ ದೊಡ್ಡ ಸಭೆ ಎಂದು ವೀರೇಶ ರೊಟ್ಟಿಗೆ ಆರ್ಡರ್ ಹೇಳಿದ. ಟಂಟಂ ಗಾಡಿ ತುಂಬ ರೊಟ್ಟಿ. ಹೆಣ್ಣುಮಕ್ಕಳು ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಬಡಿದರು. ಸಂಗಮ್ಮನ ಕೈ ಬಾತು, ಬಳೆ ಒಳಗೆ ಕಚ್ಚಿಕೊಂಡು, ಕತ್ತರಿಸಿ ತೆಗೆಯಬೇಕಾಯಿತು. ರೊಟ್ಟಿ ಹೋದವು, ಅವುಗಳ ಹಣ ಕಾಯಿನ್ನಾಗಿ ಫೋನಿಗೆ ಬಂತು. ನಮ್ಮ ಮನೆಯವರು ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳಿದರು. "ಅವನಿಗೆ ಹಲ್ಲಿಲೇ ಕಡಿಯೂ ರೊಟ್ಟಿ ಬೇಕು, ನಮಗ ಕಣ್ಣಿಲೇ ನೋಡೂ ರೊಕ್ಕ."

ಆದರೆ ಫೋನಿನಲ್ಲಿ ಲೆಕ್ಕ ಏರುತ್ತಲೇ ಇತ್ತು. ಅದನ್ನು ತೋರಿಸಿ ತೋರಿಸಿ ವೀರೇಶ ಮಷೀನಿನ ದುಡ್ಡನ್ನೂ ಕೇಳಿದ. ದೀಪಾವಳಿಗಲ್ಲ, ಶ್ರಾವಣ ಮುಗಿಯುವುದರಲ್ಲೇ ಮಷೀನು ಬರುತ್ತದೆ, ಮೇಲೆ ಎಲ್ಲರಿಗೂ ಒಂದೊಂದು ಸೀರೆ ಎಂದ. ಹೆಣ್ಣುಮಕ್ಕಳೂ ಹೂಂ ಅಂದರು. ಕಪಾಟಿನಿಂದ ತಂದುಕೊಟ್ಟ ನೋಟಿನ ಕಟ್ಟನ್ನು ಆತ ಎರಡೂ ಕಣ್ಣಿಗೆ ಒತ್ತಿಕೊಂಡು ಜೇಬಿಗಿಳಿಸಿದ. ಪ್ರಸಾದ ತೆಗೆದುಕೊಳ್ಳುವವನ ಹಾಗೆ. ಈಗಲೂ ಕಣ್ಣು ಮುಚ್ಚಿದರೆ ಆ ಒತ್ತಿಕೊಳ್ಳುವುದೇ ಕಾಣುತ್ತದೆ. ನಾನೇ ಕೊಟ್ಟ ಚಹಾ ಬಸಿಯಲ್ಲಿ ಹಾಕಿಕೊಂಡು ಸುರ್ ಎಂದು ಕುಡಿದು, ನನ್ನ ಕಡೆಯೂ ತಿರುಗಿದ.

"ಅಕ್ಕ, ನೀವು ನಮ್ಮ ರಂಗಂಪೇಟಿ ಮಗಳು. ನೀವ ಹೊರಗ ಉಳದ್ರ ನನಗ ಚಲೋ ಅನಸಂಗಿಲ್ಲ."

"ನಂದು ಬಟನ್ ಫೋನಪ್ಪ. ಅದರಾಗ ಕರೆ ಬರ್ತದ, ಕರೆ ಹೋಗ್ತದ. ಕಾಯಿನ್ ಹುಟ್ಟಂಗಿಲ್ಲ," ಅಂದೆ. ದೇವರು ದೊಡ್ಡ ದೊಡ್ಡದು ಕೊಡಲಿಲ್ಲ ಎಂದು ಕೊರಗುತ್ತೇವೆ. ನನಗೆ ಒಂದು ಹಳೆಯ ಬಟನ್ ಫೋನು ಕೊಟ್ಟಿದ್ದ, ಅದೇ ದೊಡ್ಡದಾಯಿತು.

ಶ್ರಾವಣ ಮುಗಿಯಲು ಬಂದಾಗಿನ ಶುಕ್ರವಾರ ಅದು. ಮಳೆಗೆ ಮನೆಯೆಲ್ಲ ಕತ್ತಲು, ಜಗಲಿಯಲ್ಲಿ ದೀಪ. ಮಧ್ಯಾಹ್ನ ರಜಿಯಾ ತೊಯ್ದುಕೊಂಡು ಓಡಿಬಂದಳು. ರಜಿಯಾ ಸಂಗಮ್ಮನ ಜೊತೆ ರೊಟ್ಟಿ ಬಡಿಯುವವಳು, ಆಟೋ ಓಡಿಸುವ ಮೈದುನನ ಮನೆಯಲ್ಲಿರುತ್ತಾಳೆ. ಮಷೀನಿನ ದುಡ್ಡಲ್ಲದೆ ತನ್ನದೂ ಸ್ವಲ್ಪ ಬೇರೆಯಾಗಿ ತನ್ನ ಫೋನಿನಲ್ಲಿ ಹಾಕಿದ್ದಳು.

"ಅಕ್ಕಾ, ಯಾದಗಿರಿಯಾಗ ಎಲ್ಲಾರೂ ತಗ್ಯಾಕತ್ತಾರಂತ. ಐಸಿರಿ ಬಂದ್ ಆಗ್ತದಂತ ಸುದ್ದಿ ಅದ. ನಾ ಈಗ ತಗದೆ. ಬ್ಯಾಂಕಿಗೆ ಬಂದ್ವು. ನಿಮ್ಮದೂ ತಗೀರಿ, ಈಗಿಂದೀಗ."

ಸಂಗಮ್ಮ ಹಿಟ್ಟಿನ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಜಗಲಿಯ ಮುಂದೆ ಹೋದಳು. ಕೈ ಚಾಚಿದಳು, ಹಾಗೇ ನಿಂತಳು.

"ಶ್ರಾವಣ ಶುಕ್ರವಾರ," ಎಂದರು ಬಾಗಿಲಲ್ಲಿ ಕುಳಿತಿದ್ದ ಅತ್ತೆ. "ದೀಪ ಉರ್ಯಾಕತ್ತದ. ಮನಿ ಲಕ್ಷ್ಮೀನ ಹೊರಗ ಹಾಕ್ತೀ?"

"ಅದು ಲಕ್ಷ್ಮಿ ಅಲ್ಲ ಅತ್ತಿ, ಫೋನು," ಅಂದೆ. "ತಗಿ ಸಂಗಮ್ಮ."

ಸಂಗಮ್ಮ ನನ್ನ ಕಡೆ ತಿರುಗಿದಳು. "ನೀ ಶುಕ್ರವಾರ ನನಗ ಹೆಪ್ಪಿಗೆ ಒಂದ್ ಚಮಚ ಮೊಸರ ಕೊಡಂಗಿಲ್ಲ ಯಕ್ಕಾ. ನನಗ ಹೇಳ್ತೀ?"

ನಾನು ರಜಿಯಾಳ ಕಡೆ ನೋಡಿದೆ.

"ನಮಗೂ ಶುಕ್ರವಾರ ದೊಡ್ಡ ದಿನಾನೇ ಅಕ್ಕಾ," ಎಂದಳು ರಜಿಯಾ. "ನಮಾಜಿನ ದಿನ. ಆದ್ರ ಅಲ್ಲಾನ ದಿನಕ್ಕೂ ಈ ಬಾಡ್ಯಾನ ಕಾಯಿನ್ನಿಗೂ ಏನ್ ಸಂಬಂಧ? ತಗೀರಿ."

ಸಂಗಮ್ಮ ಗೊಂದಲಕ್ಕೆ ಬಿದ್ದು ವೀರೇಶನಿಗೇ ಫೋನು ಹಚ್ಚಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ್ದಳು, ನಾವೆಲ್ಲ ಕೇಳಿದೆವು. ಜೇನಿನಲ್ಲಿ ಅದ್ದಿ ತೆಗೆದ ದನಿ.

"ಅಲ್ರೀ ತಂಗಿ, ನಿಮ್ಮಂಥ ಆಚಾರದ ಮನಿಯವ್ರು ಶುಕ್ರವಾರ ತೆಗೀತಾರೇನ್ರಿ? ಮಂದಿ ಬಾಯಿಗೆ ಬೀಗ ಅದೇನು, ನೂರ ಅಂತಾರ. ನಾಳೆ ಮುಂಜಾನಿ ನಾನ ನಿಮ್ಮ ಮನಿಗೆ ಬರ್ತೀನಿ. ಪೂಜಿ ಮಾಡ್ಕೊಂಡು ಕುಂದ್ರಿ, ನನ್ನ ಕೈಲೇ ತಗದು ಕೊಡ್ತೀನಿ. ಅಕ್ಕನ ಕೈ ಚಹಾನೂ ಕುಡದಂಗಾಯ್ತು."

ಸಂಗಮ್ಮನ ಮುಖ ಹಗುರಾಯಿತು. ಫೋನನ್ನು ಮತ್ತೆ ಕಣದ ಮೇಲೆ ಇಟ್ಟು, ಇನ್ನೊಂದು ಹೂವು ಏರಿಸಿದಳು. ರಜಿಯಾ ತನ್ನ ಜಾಗಕ್ಕೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅಂದು ಅವಳು ಬಡಿದ ಬಡಿತಕ್ಕೆ ಕಲ್ಲು ಒಡೆಯಬೇಕಿತ್ತು.

ಮರುದಿನ ಮುಂಜಾನೆಯೇ ನಾನು ಜೋಳ ಹಸನು ಮಾಡುತ್ತಿದ್ದದ್ದು.

ನನ್ನ ಬಟನ್ ಫೋನಿನಿಂದ ರಂಗಂಪೇಟೆಯ ತಮ್ಮನಿಗೆ ಫೋನು ಮಾಡಿದೆ. ಅವನು ತಡವರಿಸಲಿಲ್ಲ.

"ವೀರೇಶನ ಮನಿಗೆ ಕೀಲಿ ಬಿದ್ದದ ಅಕ್ಕ. ನಿನ್ನಿ ಸಂಜಿಗೇ ಹೆಂಡ್ತಿ ಮಕ್ಕಳನ್ನ ಕರಕೊಂಡು ಹೋಗ್ಯಾನ. ಮಧ್ಯಾಹ್ನ ನಾ ಬ್ಯಾಂಕಿಗೆ ಹೋದಾಗ ಇದ್ದ. ಚೀಲದಾಗ ರೊಕ್ಕ ತುಂಬಾಕತ್ತಿದ್ದ. ಏನಪಾ ವೀರೇಶ ಅಂದ್ರ, ಐಸಿರಿ ರೊಕ್ಕ ಬಂದ್ವು ಅಂದ."

ನಿನ್ನೆ ಮಧ್ಯಾಹ್ನ. ನಮಗೆ ಶುಕ್ರವಾರದ ಆಚಾರ ಹೇಳಿದ ಹೊತ್ತಿಗೆ.

ಮೋಸ ನಾನು ಕಂಡಿಲ್ಲವೆಂದಲ್ಲ. ತೂಕದಲ್ಲಿ ಹೊಡೆಯುವವರಿದ್ದಾರೆ, ಹಾಲಿಗೆ ನೀರು ಹಾಕುವವರಿದ್ದಾರೆ. ಅವರ ಮೇಲೆ ಸಿಟ್ಟು ಬರುತ್ತದೆ, ಹೋಗುತ್ತದೆ. ಇವನ ಮೇಲೆ ಬಂದದ್ದು ಸಿಟ್ಟಲ್ಲ. ಊಟದ ತಾಟಿನಲ್ಲಿ ಕೂದಲು ಸಿಕ್ಕರೆ ತಾಟನ್ನೇ ದೂರ ಸರಿಸುತ್ತೇವಲ್ಲ, ಅಂಥ ಹೇಸಿಗೆ. ತಾನು ಓಡುವವರೆಗೆ ನಾವು ಅಲುಗಾಡಬಾರದು, ಅದಕ್ಕೆ ಬಾಗಿಲು ಬೇಕಿತ್ತು, ಬೀಗ ಬೇಕಿತ್ತು. ನಮ್ಮ ದೀಪವನ್ನೇ ಬಾಗಿಲು ಮಾಡಿದ, ನಮ್ಮ ಶುಕ್ರವಾರವನ್ನೇ ಬೀಗ ಮಾಡಿದ. ಆ ಮಾತನ್ನು ಮಂಟಪದಲ್ಲಿ ಮೊದಲ ದಿನವೇ, ನಮ್ಮ ಬಾಯಲ್ಲಿ ತನ್ನ ಹುಗ್ಗಿ ಇರುವಾಗಲೇ ಹೇಳಿಟ್ಟಿದ್ದ.

ಮುಂದೆ ಯಾದಗಿರಿಗೆ ಹೋಗಿ ದೂರು ಬರೆಸಿ ಬಂದೆವು. ಬರೆದುಕೊಂಡವರು ಒಳ್ಳೆಯವರು, ನೀರು ಕೊಟ್ಟರು. "ಅಸಲಿ ಕ್ರಿಪ್ಟೋದಾಗ ರೊಕ್ಕ ಹಾಕಿದವರೂ ಒಮ್ಮೊಮ್ಮೆ ಮುಳಗ್ತಾರ ತಾಯಿ. ನಿಮ್ಮದು ಅಸಲಿನೂ ಅಲ್ಲ, ಬರೇ ಚಿತ್ರ," ಎಂದರು. ಅದಾದ ಮೇಲೆ ಒಮ್ಮೆ ಯಾದಗಿರಿ ರೈಲ್ವೆ ಸ್ಟೇಷನ್ನಿನಲ್ಲಿ ವೀರೇಶನೇ ಕಂಡ. ಹಣೆಯಲ್ಲಿ ಅದೇ ವಿಭೂತಿ. ತಪ್ಪಿಸಿಕೊಳ್ಳಲೂ ಇಲ್ಲ, ಕೈ ಮುಗಿದು ಬಂದ.

"ನನಗೂ ಮ್ಯಾಲಿನವ್ರು ಮೋಸ ಮಾಡಿದ್ರು ಅಕ್ಕ. ನಿಮ್ಮಂಗ ನಾನೂ ಮುಳಗಿದೆ."

"ನಿನ್ನ ರೊಕ್ಕ ಶುಕ್ರವಾರ ಬಂದಿದ್ವಲ್ಲ?"

ಅವನು ಹಳಿಯ ಕಡೆ ನೋಡಿದ. "ಈಗ ಹೊಸಾದೊಂದು ಬಂದದ, ಇದು ಗಟ್ಟಿ ಅದ," ಎಂದು ಜೇಬಿಗೆ ಕೈ ಹಾಕಿದ. ನಾನು ಮುಖಕ್ಕೆ ಉಗುಳುತ್ತಿದ್ದೆ. ಹಣೆಯ ಮೇಲೆ ವಿಭೂತಿ ಇತ್ತು, ಅದಕ್ಕೆ ಬಿಟ್ಟೆ.

ಆ ಶನಿವಾರ ಇದೊಂದೂ ಗೊತ್ತಿರಲಿಲ್ಲ. ಸುದ್ದಿ ತಿಳಿದು ರೊಟ್ಟಿಯ ಹೆಣ್ಣುಮಕ್ಕಳು ಅಂಗಳದಲ್ಲಿ ಕೂಡಿದರು. ಹೂಂ ಅಂದು ದುಡ್ಡು ಹಾಕಿಸಿದವರಿಗೆಲ್ಲ ಅದು ಮರೆತಿತ್ತು.

"ಜಗಲಿ ಮ್ಯಾಲ ಕುಂತ ಲಕ್ಷ್ಮಿ ಎಲ್ಲಿಗೆ ಹೋದ್ಲವ್ವ ಸಂಗಮ್ಮ?" ಎಂದಳು ಒಬ್ಬಳು. "ನಿನ್ನ ಕೈಗೆ ಮಷೀನ ಬೇಕಾಗಿತ್ತು. ನಮ್ಮ ಕೈಗೆ ಚಿಪ್ಪ ಕೊಟ್ಟಿ."

ಸಂಗಮ್ಮ ಸೀರೆಯ ಅಂಚು ಸುತ್ತಿದ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು, ಆ ಕೈಯೇ ಕದ್ದಿದೆಯೇನೋ ಎಂಬಂತೆ. ಅತ್ತೆ ಬಾಗಿಲಲ್ಲಿ ಗೋಡೆ ನೋಡುತ್ತ ಕುಳಿತಿದ್ದರು. ಮಧ್ಯಾಹ್ನದ ತಾಟು ಮುಟ್ಟಲಿಲ್ಲ. ಕಡೇಚೂರಿನಿಂದ ಮೈದುನ ಬಂದ, ಕೇಳಿಸಿಕೊಂಡ, ಹೆಂಡತಿಯ ಮೇಲೆ ಒಂದು ಮಾತು ಎತ್ತಲಿಲ್ಲ. ಅಷ್ಟು ಕರುಣೆ ಶಿವ ಆ ದಿನದಲ್ಲೂ ಇಟ್ಟಿದ್ದ.

ನಾನು ಒಳಗೆ ಹೋಗಿ ಅವಳ ಜಗಲಿಯಿಂದ ಆ ಕುಪ್ಪಸದ ಕಣ ಎತ್ತಿ, ಹೂವು ತೆಗೆದು, ಹಸಿ ಬಟ್ಟೆಯಿಂದ ಆ ಜಾಗ ಒರೆಸಿದೆ. ಎರಡು ಸಲ ಒರೆಸಿದರೂ ಹೊಲಸು ಹೋಗಿಲ್ಲ ಅನಿಸಿ ಮತ್ತೆ ಒರೆಸಿ, ವಿಭೂತಿ ಎಳೆದು, ಲಿಂಗವನ್ನು ನಡುವಿಗೆ ಸರಿಸಿ ಇಟ್ಟೆ.

ಹೊರಗೆ ಆಟೋ ಬಂದು ನಿಂತ ಸಪ್ಪಳ. ರಜಿಯಾ ಮತ್ತು ಅವಳ ಮೈದುನ ಒಂದು ಚೀಲ ಜೋಳ ಇಳಿಸುತ್ತಿದ್ದರು.

"ಏನಿದು?" ಎಂದಳು ಸಂಗಮ್ಮ.

"ಜೋಳ. ಕಾಣ್ಸವಲ್ದೇನು? ಸೋಮವಾರ ಮುದನಾಳದ ಮದಿವಿ ರೊಟ್ಟಿ ಅವ. ನಿಮ್ಮ ಹತ್ರ ಜೋಳಕ್ಕ ರೊಕ್ಕ ಎಲ್ಲಿಂದ ಬರ್ತಾವ? ನಂದು ಬಂದಾವ." ಅಂಗಳದಲ್ಲಿ ನಿಂತವರ ಕಡೆ ತಿರುಗಿದಳು. "ನಿಂತು ಮಾತಾಡೂರು ಮಾತಾಡ್ರಿ. ಬಡಿಯೂರು ಯಾರಾರ ಅದೀರಿ, ಕಟ್ಟಿಗಿ ತರ್ರಿ. ಮಳಿ ಮತ್ತ ಬರಂಗದ."

ಚಿಪ್ಪಿನ ಮಾತಾಡಿದವಳೇ ಮೊದಲು ಕಟ್ಟಿಗೆಗೆ ಹೋದಳು. ಇಬ್ಬರು ಹಾಗೇ ಮನೆಗೆ ಹೋದರು, ಅವರು ತಿರುಗಿ ಬರಲಿಲ್ಲ.

ನಾನು ಬಿಟ್ಟಿದ್ದ ಮೊರ ಎತ್ತಿಕೊಂಡು ಉಳಿದ ಜೋಳ ಹಸನು ಮಾಡಿದೆ, ಅದರ ಮೇಲೆ ರಜಿಯಾ ತಂದದ್ದೂ ಮಾಡಿದೆ. ಗಿರಣಿಯಿಂದ ಹಿಟ್ಟು ಬರುವಾಗ ಹೊತ್ತು ಇಳಿದಿತ್ತು. ಡಬ್ಬಿಯ ಮುಚ್ಚಳ ತೆಗೆದರೆ ಬಿಸಿ ವಾಸನೆ. ಸೋಮವಾರದ ಮದುವೆಗೆ ಅಂದೇ ಶುರು ಮಾಡದಿದ್ದರೆ ಆಗುತ್ತಿರಲಿಲ್ಲ. ಸಂಗಮ್ಮ ಹಿಟ್ಟಿನ ಪರಾತ ಎಳೆದುಕೊಂಡು, ಮಣಿಕಟ್ಟಿನ ಬಟ್ಟೆಯನ್ನು ಹಲ್ಲಿನಿಂದ ಬಿಗಿ ಮಾಡಿಕೊಂಡು ನಾದಲು ಕುಳಿತಳು.

"ಸರಿ ಅತ್ತಾಗ," ಅಂದೆ.

"ನಿನ್ನ ಅಡಗಿ ಆಗಿಲ್ಲ ಯಕ್ಕಾ."

"ಇವತ್ತ ಎಲ್ಲಾರೂ ಇಲ್ಲೇ ಉಣ್ಣೂದು. ಅತ್ತಿನ್ನೂ ಕರಿ, ಬಿಸಿ ರೊಟ್ಟಿ ಆದ್ರ ತಿಂತಾರ."

ಅವಳು ಸರಿದಳು. ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಹೊಯ್ದು, ಎರಡೂ ಕೈ ಊರಿ ನಾದತೊಡಗಿದೆ.